ಬೆಂಕಿಗೆ ಹಿಡಿದ ಪಚ್ಚೆ

ಕೊಡಿಯಾಲ್‌ಬೈಲಿನ ಮಟಿಲ್ಡಾಬಾಯಿ ಗಂಡನ ಮನೆಯ ಪಚ್ಚೆಕಲ್ಲನ್ನು ಬಂದರಿನ ಮೂಸಬ್ಬ ಬ್ಯಾರಿಗೆ ಮಾರಿ, ಉಂಗುರದ ಗೂಡಿನಲ್ಲಿ ಸೋಡಾ ಬಾಟ್ಲಿಯ ಚೂರು ಕೂರಿಸಿ, ಅದನ್ನೇ ಅಪ್ಪಟ ಪಚ್ಚೆಯೆಂದು ಬೀಗರ ಮನೆಗೆ ದಾಟಿಸಿದಳು ಎಂಬ ಮಾತು ಊರಿನಲ್ಲಿ ಇಂದಿಗೂ ಓಡಾಡಿಕೊಂಡಿದೆ. ಹೇಳುವವರು ಬದಲಾದಂತೆ ಅದಕ್ಕೆ ಕೈಕಾಲು ಹುಟ್ಟುತ್ತದೆ. ಮೂಸಬ್ಬ ಆ ಕಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡು ಸಿಲೋನಿನ ಹಡಗು ಹತ್ತಿದನೆಂದು ಒಬ್ಬರು. ಮಗಳ ಮದುವೆಯ ಸೀರೆ ಬಂದದ್ದೇ ಆ ದುಡ್ಡಿನಿಂದ ಎಂದು ಇನ್ನೊಬ್ಬರು. ಕೊನೆಯಲ್ಲಿ ಮಾತ್ರ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ: ಬೆಂಕಿಯ ಮುಂದೆ ಆಕೆಯ ಕಳ್ಳತನ ಬಯಲಾಯಿತಂತೆ.

ನಡೆದದ್ದು ಹಾಗಲ್ಲ. ಕಲ್ಲು ಬದಲಾಗಿರಲಿಲ್ಲ. ಆಕೆಯ ಗಂಡ ಸೈಮನ್ ರೆಬೆಲ್ಲೊನ ಅಜ್ಜಿಯ ಕಾಲಕ್ಕೆ ಗೋವೆಯಿಂದ ಬಂದ ಅದೇ ಕಲ್ಲು, ಅದೇ ಗೂಡಿನಲ್ಲಿ, ಒಡೆಯುವ ದಿನದವರೆಗೂ ಇತ್ತು.

ಅದು ಹುಣಸೆಬೀಜಕ್ಕಿಂತ ತುಸು ಚಿಕ್ಕದಾದ, ಮೂಲೆಗಳನ್ನು ಮುರಿದು ಉಜ್ಜಿದ ಚೌಕ ಕಲ್ಲು. ಬಣ್ಣ ಗಿಳಿಹಸಿರಲ್ಲ, ಭತ್ತದ ಎಳೆಯ ನೇಜಿಯ ಹಸಿರಿಗೆ ಎಲ್ಲೋ ಒಂದಿಷ್ಟು ಕಡಲಿನ ನೀಲಿ ಕಲಸಿದಂಥದ್ದು. ಹಗಲಿನ ಬೆಳಕಿಗೆ ಹಿಡಿದರೆ ಒಳಗೆ ಹಳೆಯ ಬಾವಿಯ ಪಾಚಿಯಂಥ ಎಳೆಗಳು, ಒಂದೆರಡು ಚುಕ್ಕೆಗಳು, ಒಂದು ಮೂಲೆಯಿಂದ ಒಳಕ್ಕೆ ಇಳಿದ ಕೂದಲೆಳೆಯಷ್ಟು ಸಪೂರ ಗೆರೆ ಕಾಣುತ್ತಿದ್ದವು. ವಜ್ರದಂತೆ ಅದು ಬೆಳಕನ್ನು ಹೊರಕ್ಕೆ ಚಿಮ್ಮಿಸುತ್ತಿರಲಿಲ್ಲ. ಒಳಕ್ಕೆ ಕರೆದು ಅಲ್ಲಿಯೇ ಕೂರಿಸಿಕೊಳ್ಳುತ್ತಿತ್ತು.

ಮದುವೆಯಾದ ಹೊಸತರಲ್ಲಿ ಅತ್ತೆ ಆ ಉಂಗುರವನ್ನು ಮಟಿಲ್ಡಾಳ ಬೆರಳಿಗೆ ಹಾಕುತ್ತಾ ಕೆಲವು ಕಟ್ಟಳೆಗಳನ್ನೂ ಜೊತೆಗೆ ಹೇಳಿದ್ದಳು. ಬಿಸಿನೀರು ತೋರಿಸಬಾರದು, ಸಾಬೂನು, ಅಂಟುವಾಳ ಮುಟ್ಟಿಸಬಾರದು, ಹಾಕಿಕೊಂಡು ಒಲೆಯ ಮುಂದೆ ಕೂರಬಾರದು, ಕಡೆಯುವ ಕಲ್ಲಿಗೆ ತಾಗಿಸಬಾರದು, ಒರೆಸುವುದಾದರೆ ಮೆತ್ತಗಿನ ಒಣಬಟ್ಟೆ ಸಾಕು. ಯಾಕೆಂದು ಕೇಳಿದ್ದಕ್ಕೆ ಅತ್ತೆ, ಅದಕ್ಕೆ ಆಗುವುದಿಲ್ಲ ಎಂದಷ್ಟೇ ಅಂದಳು. ಯಾರಿಗೆ ಏನು ಯಾಕೆ ಆಗುವುದಿಲ್ಲ ಎಂದು ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸೊಸೆ ಪಾಲಿಸಿದಳು.

ಸೈಮನ್ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ. ಮೊದಲ ಮಹಾಯುದ್ಧ ಮುಗಿಯುವ ವರ್ಷದ ಇನ್‌ಫ್ಲುಯೆಂಜಾ ಅವನನ್ನು ಒಂದೇ ವಾರದಲ್ಲಿ ಮುಗಿಸಿತು. ಮದುವೆಯಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳನ್ನು, ಅವರ ಭಾಷೆಯ ಚುಡೊವನ್ನು, ಶವಪೆಟ್ಟಿಗೆಯ ಅಂಚಿಗೆ ಬಡಿದು ಒಡೆದರು. ಉಂಗುರವನ್ನು ಅತ್ತೆ ತಾನೇ ಬಿಚ್ಚಿ ಒಡವೆಯ ಪೆಟ್ಟಿಗೆಗೆ ಹಾಕಿದಳು. ಆಗ ಮಗಳು ಗ್ಲ್ಯಾಡಿಸ್ ತಪ್ಪುಹೆಜ್ಜೆ ಇಟ್ಟು ನಡೆಯುತ್ತಿದ್ದಳು. ಅತ್ತೆಯೂ ಬಹಳ ಕಾಲ ಬದುಕಲಿಲ್ಲ. ಮಟಿಲ್ಡಾ ಹೊಲಿಗೆ ಹಿಡಿದಳು. ಇಗರ್ಜಿಯ ಪೀಠದ ಬಟ್ಟೆ, ಮದುಮಗಳ ರವಿಕೆ, ಸತ್ತವರ ಅಂಗಿ, ಯಾವುದನ್ನೂ ಒಲ್ಲೆ ಎನ್ನಲಿಲ್ಲ.

ಪೆಟ್ಟಿಗೆಯಲ್ಲಿದ್ದ ಉಂಗುರ ಮಾತ್ರ ವಿಧವೆಯಾಗಲಿಲ್ಲ. ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್ ನಡೆಯುತ್ತದೆ: ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಹಾಡು ಹೇಳುತ್ತಾ, ನೆಂಟರೆಲ್ಲ ಸರದಿಯಲ್ಲಿ ತಲೆ, ಕೈಗಳಿಗೆ ತೆಂಗಿನ ಹಾಲು ಸುರಿದು ತೆಂಗಿನೆಣ್ಣೆ ಹಚ್ಚುತ್ತಾರೆ. ಆ ದಿನ ಕೈಯಲ್ಲೊಂದು ಒಳ್ಳೆಯ ಕಲ್ಲಿನ ಉಂಗುರ ಇರಲೆಂದು ಜನ ಮಟಿಲ್ಡಾಳ ಬಾಗಿಲಿಗೆ ಬರುತ್ತಿದ್ದರು. ಬಂದವರು ಅದನ್ನು ಆಕೆಯ ಉಂಗುರವೆಂದು ಅಪ್ಪಿತಪ್ಪಿಯೂ ಹೇಳುತ್ತಿರಲಿಲ್ಲ, ‘ರೆಬೆಲ್ಲೊ ಮನೆಯ ಉಂಗುರ’ ಎನ್ನುತ್ತಿದ್ದರು. ಉಂಗುರ ಮದುವೆಮನೆಯ ಮುಂಬಾಗಿಲಿನಿಂದ ಹೋಗುತ್ತಿತ್ತು. ಆಕೆ ಹಿತ್ತಲಿನಿಂದ ಒಳಹೋಗಿ ರೋಸಿಗೆ ಬೇಕಾದ ತೆಂಗಿನಕಾಯಿ ತುರಿಯುತ್ತಿದ್ದಳು. ವಿಧವೆಯ ಕೈ ಮದುಮಗಳ ತಲೆಗೆ ಎಣ್ಣೆ ಹಚ್ಚುವ ಹಾಗಿಲ್ಲ. ಆಕೆ ತುರಿದ ಕಾಯಿಯ ಹಾಲಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ.

ಹಾಲಿನಲ್ಲಿ, ಎಣ್ಣೆಯಲ್ಲಿ ಮುಳುಗಿ ಎದ್ದ ಉಂಗುರ ಪ್ರತಿಸಲವೂ ಹೋದಾಗಿನದಕ್ಕಿಂತ ಗಾಢವಾದ ಹಸಿರು ಹೊತ್ತು ಮರಳುತ್ತಿತ್ತು. ಒಳಗಿನ ಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. ಕಲ್ಲಿಗೆ ಮದುವೆಯೆಂದರೆ ಇಷ್ಟವಿರಬೇಕು ಎಂದುಕೊಂಡು ಮಟಿಲ್ಡಾ ಅದನ್ನು ಒಣಬಟ್ಟೆಯಿಂದ ಒರೆಸಿ ಒಳಗಿಡುತ್ತಿದ್ದಳು.

ಗ್ಲ್ಯಾಡಿಸ್ ಕಾನ್ವೆಂಟಿನಲ್ಲಿ ಓದಿ ಅಲ್ಲಿಯೇ ಟೀಚರಾದಳು. ಮಾತು ಕಡಿಮೆ, ನಡೆ ನೇರ. ಬಡತನದ ಬಗ್ಗೆ ಗೊಣಗಿದವಳಲ್ಲ, ಆದರೆ ಅದನ್ನು ಒಂದು ದಿನವೂ ಮರೆತವಳೂ ಅಲ್ಲ. ಸಾವಿರದ ಒಂಬೈನೂರ ಮೂವತ್ತೈದರ ಬೇಸಗೆಯಲ್ಲಿ ಅವಳಿಗೆ ಲಸ್ರಾದೊ ಮನೆಯ ಸಂಬಂಧ ಕೂಡಿಬಂತು. ಹುಡುಗ ಝೇವಿಯರ್ ಮುಂಬಯಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಅವನ ತಂದೆ ಆಂಬ್ರೋಸ್ ಲಸ್ರಾದೊರಿಗೆ ಬಂದರಿನ ಹತ್ತಿರ ಕಾಫಿಬೀಜ ಹಸನು ಮಾಡುವ ಕಾಫಿ ವರ್ಕ್ಸ್ ಇತ್ತು. ತಾಯಿ ಸೆರಾಫಿನಾಬಾಯಿ ಯಾರದೋ ರೋಸಿನಲ್ಲಿ, ಎಣ್ಣೆಯಲ್ಲಿ ತೊಯ್ದು ಹೊಳೆಯುತ್ತಿದ್ದ ಪಚ್ಚೆಯನ್ನು ನೋಡಿದ್ದಳು. ಮಾತುಕತೆಯ ದಿನ ಆಕೆ ದೊಡ್ಡ ಮನಸ್ಸಿನಿಂದ ವರದಕ್ಷಿಣೆಯ ವಿಷಯವನ್ನೇ ತಳ್ಳಿಹಾಕಿದಳು.

“ಬೇರೆ ಎಂತದೂ ಬೇಡ ಮಟಿಲ್ಡಾಬಾಯಿ. ನಿಮ್ಮ ಮನೆಯ ಆ ಉಂಗುರ ಒಂದು ಬಂದ್ರೆ ಸಾಕು.”

ಮಟಿಲ್ಡಾ ಒಪ್ಪಿದಳು. ಆಕೆಗೆ ಬೇಕಾಗಿದ್ದದ್ದು ಒಂದೇ. ವಿಧವೆಯ ಮಗಳನ್ನು ಪಾಪವೆಂದು ತಂದುಕೊಂಡೆವು ಎಂದು ಆ ಮನೆಯಲ್ಲಿ ಯಾರೂ, ಯಾವ ಜಗಳದಲ್ಲೂ, ಗ್ಲ್ಯಾಡಿಸಳ ಮುಖಕ್ಕೆ ಹೇಳಬಾರದು. ಪಚ್ಚೆ ಅವರ ಬಾಯಿ ಕಟ್ಟುತ್ತದೆ ಎಂದು ಆಕೆ ನಂಬಿದಳು. ನಿಶ್ಚಯದ ದಿನ ಉಂಗುರವನ್ನು ಸೆರಾಫಿನಾಬಾಯಿಯ ಅಂಗೈಯಲ್ಲಿ ಇಡುವಾಗ ಅತ್ತೆಯ ಕಟ್ಟಳೆಗಳು ನಾಲಗೆಯ ತುದಿಗೆ ಬಂದಿದ್ದವು. ಬಿಸಿನೀರಾಗದು, ಸಾಬೂನಾಗದು, ಒಲೆಯಾಗದು ಎಂದು ಹೇಳಹೊರಟರೆ ಕಲ್ಲಿಗೇನೋ ಊನವಿದೆ ಎಂದುಕೊಂಡಾರು ಎಂದು ಆಕೆ ಸುಮ್ಮನಾದಳು. ಆಕೆ ಮಾಡಿದ ತಪ್ಪು ಇದೊಂದೇ. ಊರು ಹೊರಿಸಿದ ತಪ್ಪುಗಳ ನಡುವೆ ಇದರ ಹೆಸರು ಎಲ್ಲಿಯೂ ಬರುವುದಿಲ್ಲ.

ಮದುವೆಗೆ ಮೊದಲು ಮನೆಯ ಚಿನ್ನವನ್ನೆಲ್ಲ ತೊಳೆಸಿ ಹೊಳಪು ಕೊಡಿಸುವುದು ಲಸ್ರಾದೊ ಮನೆಯ ರೂಢಿ. ರಥಬೀದಿಯ ಗುರುವಪ್ಪ ಆಚಾರಿ ಅವರಿಗೆ ತಲೆಮಾರಿನ ಅಕ್ಕಸಾಲಿಗ. ಬಳೆ, ಸರ, ಬೆಂಡೋಲೆಗಳ ಜೊತೆಗೆ ಪಚ್ಚೆಯ ಉಂಗುರವೂ ಅವನ ಅಂಗಡಿಗೆ ಹೋಯಿತು. ಅವನು ಎಂದಿನಂತೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಅಂಟುವಾಳದ ನೀರಿನಲ್ಲಿ ಕುದಿಸಿ, ಕುಂಚದಿಂದ ತಿಕ್ಕಿದ. ಚಿನ್ನವೇನೋ ಬೆಳಗಿತು. ಪಚ್ಚೆ ಮಾತ್ರ ಪೊರೆ ಬಂದ ಕಣ್ಣಿನಂತಾಯಿತು. ಹಸಿರು ಬಿಳಿಚಿಕೊಂಡಿತು, ಇಷ್ಟು ವರ್ಷ ಅಡಗಿದ್ದ ಗೆರೆ ಕವಲೊಡೆದು, ಬೆಳ್ಳಗಾಗಿ, ಕಲ್ಲಿನ ಉದ್ದಕ್ಕೂ ಎದ್ದು ಕಂಡಿತು.

ಸೆರಾಫಿನಾಬಾಯಿ ಹೇಳಿಕಳುಹಿಸಿದಳು. ತಾಯಿ ಮಗಳು ಇಬ್ಬರೂ ಹೋದರು.

“ಇದು ಎಂತ ಮಟಿಲ್ಡಾಬಾಯಿ? ರೋಸಿನಲ್ಲಿ ನಾನು ಕಂಡ ಕಲ್ಲು ಇದಾ?”

ಮಟಿಲ್ಡಾ ಉಂಗುರವನ್ನು ಕೈಗೆತ್ತಿಕೊಂಡು ನೋಡಿ, “ಬಿಸಿನೀರು ತಾಗಿಸಿದ್ರಾ?” ಎಂದಳು.

“ತೊಳೆಯದೆ ಇಡ್ಲಿಕ್ಕೆ ಆಗ್ತದಾ? ಅಂಟುವಾಳಕ್ಕೆ ಬಣ್ಣ ಬಿಡ್ಲಿಕ್ಕೆ ಇದು ಪಚ್ಚೆಯಾ, ಸಂತೆಯ ಸೀರೆಯಾ?”

“ಬಿಸಿ ಇದಕ್ಕೆ ಆಗುದಿಲ್ಲ. ನಮ್ಮ ಅತ್ತೆ ಹೇಳ್ತಿದ್ರು.”

“ಕೊಡುವಾಗ ಅತ್ತೆಯ ನೆನಪು ಬರ್ಲಿಲ್ಲ ಅಲ್ವಾ ನಿಮಗೆ.”

ಸೆರಾಫಿನಾಬಾಯಿ ಉಂಗುರವನ್ನು ಮಟಿಲ್ಡಾಳ ಕೈಯಲ್ಲಿಯೇ ಬಿಟ್ಟು, ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ನಿಜವಾದದ್ದು ಇಲ್ಲಿರಬೇಕೆಂದು ಹೇಳಿ ಒಳಗೆ ಎದ್ದುಹೋದಳು. ದಾರಿಯುದ್ದಕ್ಕೂ ಗ್ಲ್ಯಾಡಿಸ್ ಏನೂ ಕೇಳಲಿಲ್ಲ. ಮಗಳು ತನ್ನ ಪರವಾಗಿ ನೊಂದುಕೊಂಡು ಮೌನವಾಗಿದ್ದಾಳೆ ಎಂದು ತಾಯಿ ತಿಳಿದಳು.

ಕಲ್ಲು ಬಲ್ಲವರು ಯಾರೆಂದು ವಿಚಾರಿಸಿದಾಗ ಸಿಕ್ಕಿದ ಹೆಸರು ಮೂಸಬ್ಬನದು. ಅವನು ಯೌವನವನ್ನೆಲ್ಲ ಸಿಲೋನಿನಲ್ಲಿ ಕಲ್ಲಿನ ವ್ಯಾಪಾರಿಗಳ ಬಳಿ ಕಳೆದು ಬಂದು, ಬಂದರಿನ ಓಣಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದ. ಮಟಿಲ್ಡಾ ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬಳೇ ಹೋದಳು. ಮೂಸಬ್ಬ ಕಲ್ಲನ್ನು ನಾಲಗೆಗೆ ತಾಗಿಸಿ ಅದರ ತಂಪು ನೋಡಿದ. ಬಾಗಿಲಿನ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಬಹಳ ಹೊತ್ತು ಇಣುಕಿದ.

“ಒಳಗೆ ಹುಲ್ಲು ಉಂಟು ಬಾಯಮ್ಮ,” ಎಂದ, ಕಲ್ಲಿನೊಳಗಿನ ಪಾಚಿಯಂಥ ಎಳೆಗಳನ್ನು ತೋರಿಸುತ್ತಾ. “ಗಾಜಿನೊಳಗೆ ಗುಳ್ಳೆ ಇರ್ತದೆ, ಹುಲ್ಲು ಇರುದಿಲ್ಲ. ಇದು ಪಚ್ಚೆಯೇ. ನಾನು ಖುರಾನ್ ಮುಟ್ಟಿ ಹೇಳ್ತೇನೆ.”

ಆಮೇಲೆ ಅವನು ಅತ್ತೆ ಹೇಳದೆ ಬಿಟ್ಟಿದ್ದನ್ನು ಹೇಳಿದ. ಕೆಂಪು, ನೀಲ ಕಲ್ಲುಗಳಂತೆ ಪಚ್ಚೆ ಒಳಗೆ ಸ್ವಚ್ಛವಾಗಿ ಹುಟ್ಟುವುದಿಲ್ಲ. ನೆಲದೊಳಗಿರುವಾಗಲೇ ಅದಕ್ಕೆ ಬಿರುಕುಗಳಿರುತ್ತವೆ. ಬಿರುಕಿಲ್ಲದ ಪಚ್ಚೆಯನ್ನು ಯಾರಾದರೂ ತೋರಿಸಿದರೆ ಮೊದಲು ಅನುಮಾನಿಸಬೇಕು. ಹಾಗಾಗಿ ಕಲ್ಲಿನವರು ಅದನ್ನು ಎಣ್ಣೆಯಲ್ಲಿ ಇಡುತ್ತಾರೆ. ಎಣ್ಣೆ ಬಿರುಕಿನೊಳಗೆ ಇಳಿದು ಗೆರೆಯನ್ನು ಮರೆಸುತ್ತದೆ. ಈ ಕಲ್ಲಿಗೆ ಇಷ್ಟು ವರ್ಷ ರೋಸಿನ ಎಣ್ಣೆಯೇ ಆ ಕೆಲಸ ಮಾಡಿದೆ. ಆಚಾರಿಯ ಕುದಿನೀರು ಅದನ್ನೆಲ್ಲ ಹೊರಗೆ ಹಾಕಿದೆ. ಗಾಜನ್ನು ಗೀರುವಷ್ಟು ಗಟ್ಟಿ ಕಲ್ಲು ಹೌದು, ಆದರೆ ಪೆಟ್ಟಿಗೂ ಕಾವಿಗೂ ತಾಳುವ ಜಾತಿಯಲ್ಲ.

“ಬರುವ ವಾರದ ಶುಕ್ರವಾರದವರೆಗೆ ನನ್ನ ಹತ್ರ ಬಿಡಿ. ಎಣ್ಣೆಯಲ್ಲಿ ಹಾಕಿಡ್ತೇನೆ, ಮೊದಲಿನ ಹಾಗೆ ಆಗ್ತದೆ. ಬೆಂಕಿಗೆ ಮಾತ್ರ ಯಾರೂ ತೋರಿಸ್ಲಿಕ್ಕಿಲ್ಲ.”

ಮಟಿಲ್ಡಾ ಉಂಗುರವನ್ನು ಹಿಂದಕ್ಕೆ ತೆಗೆದುಕೊಂಡಳು. ಮೂಸಬ್ಬನ ಮೇಲೆ ಅನುಮಾನದಿಂದಲ್ಲ. ಭಾನುವಾರ ಬರಿಗೈಯಲ್ಲಿ ಹೋದರೆ ಕಲ್ಲು ಮಾರಿದಳು ಎನ್ನುತ್ತಾರೆ; ವಾರ ಕಳೆದು ಹೊಳೆಯುವ ಕಲ್ಲು ಕೊಂಡುಹೋದರೆ ಬೇರೆಯದನ್ನು ಕೂರಿಸಿದಳು ಎನ್ನುತ್ತಾರೆ. ಎಷ್ಟು ಲೆಕ್ಕ ಹಾಕಿದರೂ ಆ ಅಂಗಡಿಗೆ ಬಂದದ್ದೇ ಸಾಕ್ಷಿಯಾದೀತು ಎಂಬುದು ಆಕೆಗೆ ಹೊಳೆಯಲಿಲ್ಲ. ಓಣಿಯ ಬಾಯಿಯಲ್ಲಿ ಲಸ್ರಾದೊರ ಕಾಫಿ ವರ್ಕ್ಸಿನ ಗುಮಾಸ್ತ ಎದುರಾಗಿ, ನಮಸ್ಕಾರ ಹೇಳಿ ಹೋದ.

ಭಾನುವಾರ ಲಸ್ರಾದೊ ಮನೆಯ ಜಗಲಿಯಲ್ಲಿ ಗುರುವಪ್ಪ ಆಚಾರಿ ತನ್ನ ದೀಪ, ಚಿಮಟ, ಊದುಕೊಳವೆಗಳೊಂದಿಗೆ ಆಗಲೇ ಬಂದು ಕುಳಿತಿದ್ದ. ಆಂಬ್ರೋಸರು ಆರಾಮಕುರ್ಚಿಯಲ್ಲಿದ್ದರು. ಗ್ಲ್ಯಾಡಿಸ್ ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಕಲ್ಲು ನಿಜವೋ ಸುಳ್ಳೋ ಎಂದು ಆಂಬ್ರೋಸರು ಕೇಳಿದಾಗ ಆಚಾರಿ ಜಾರಿಕೊಂಡ. ಚಿನ್ನದ ವಿಷಯ ಕೇಳಿದರೆ ಹೇಳಿಯೇನು, ಕಲ್ಲು ತನ್ನ ಕಸುಬಲ್ಲ ಎಂದ. ಆದರೂ ಸುಮ್ಮನಿರಲಾರದೆ, ಕೆಂಪು ಕಲ್ಲನ್ನಾದರೆ ಬೆಂಕಿಗೆ ಹಿಡಿದು ನೋಡುವ ಕ್ರಮವುಂಟು, ನಿಜವಾದ ಕೆಂಪು ಬೆಂಕಿಗೆ ಹೆದರುವುದಿಲ್ಲ ಎಂದೂ ಸೇರಿಸಿದ.

“ಹಾಗಾದ್ರೆ ಇದನ್ನೂ ಹಿಡೀರಿ,” ಎಂದಳು ಸೆರಾಫಿನಾಬಾಯಿ.

“ಬೇಡ,” ಎಂದಳು ಮಟಿಲ್ಡಾ. “ಪಚ್ಚೆ ಕೆಂಪಿನ ಹಾಗಲ್ಲ, ಬೆಂಕಿಗೆ ಒಡೀತದೆ. ಬಂದರಿನ ಮೂಸಬ್ಬ ನೋಡಿ ಹೇಳಿದ್ದಾರೆ, ಇದು ನಿಜವಾದದ್ದು ಅಂತ.”

ಸೆರಾಫಿನಾಬಾಯಿ ಗಂಡನ ಕಡೆ ತಿರುಗಿ ನಕ್ಕಳು. “ನಾವು ಕೇಳುವ ಮೊದಲೇ ಬಂತಲ್ಲ ಬ್ಯಾರಿಯ ಹೆಸರು. ನಿಜವಾದದ್ದು ಹೌದೋ ಅಲ್ವೋ ಅವನಿಗೆ ಗೊತ್ತಿರದೆ ಮತ್ಯಾರಿಗೆ ಗೊತ್ತಿರ್ತದೆ? ಅದು ಇರುದೇ ಅವನ ಹತ್ರ.”

ಆಂಬ್ರೋಸರು ಹೆಂಡತಿಯನ್ನು ತಡೆಯಲಿಲ್ಲ. ಮಟಿಲ್ಡಾ ಉಂಗುರವನ್ನು ಮುಷ್ಟಿಯಲ್ಲಿ ಬಿಗಿದುಕೊಂಡಳು. ಮದುವೆ ಮುರಿದರೆ ಮುರಿಯಲಿ, ಕಲ್ಲನ್ನು ಹಿಡಿದು, ಮಗಳನ್ನು ಕರೆದುಕೊಂಡು ಈ ಮೆಟ್ಟಿಲು ಇಳಿದುಬಿಡುತ್ತೇನೆ ಎಂಬ ನಿರ್ಧಾರ ಆಕೆಯೊಳಗೆ ಗಟ್ಟಿಯಾಗುತ್ತಿತ್ತು. ಆಗ ಗ್ಲ್ಯಾಡಿಸ್ ಮೆಲ್ಲಗೆ, ತರಗತಿಯಲ್ಲಿ ತಪ್ಪೊಪ್ಪಿಕೊಳ್ಳದ ಮಗುವಿನೊಂದಿಗೆ ಮಾತಾಡುವ ಧ್ವನಿಯಲ್ಲಿ, ಕೇಳಿದಳು:

“ಮಾಂಯ್, ನಿಜವಾದದ್ದಾದ್ರೆ ಹೆದರಿಕೆ ಎಂತಕ್ಕೆ?”

ಮಟಿಲ್ಡಾ ಮಗಳ ಮುಖ ನೋಡಿದಳು. ದಾರಿಯ ಮೌನದ ಅರ್ಥ ಆಗ ತಿಳಿಯಿತು. ಎಣ್ಣೆಯ ವಿಷಯ, ಹುಲ್ಲಿನ ವಿಷಯ, ಕಾವಿನ ವಿಷಯ ಎಲ್ಲವನ್ನೂ ಇನ್ನೊಮ್ಮೆ ಹೇಳಬಹುದಿತ್ತು. ಹೇಳಿದಷ್ಟೂ ಆ ಮುಖ ಇನ್ನಷ್ಟು ಮುಚ್ಚಿಕೊಳ್ಳುತ್ತದೆ ಎಂದು ಆಕೆ ಕಂಡಳು. ಬೀಗರು ನಂಬದಿದ್ದರೆ ಮೆಟ್ಟಿಲು ಇಳಿದು ಹೋಗಬಹುದು. ಮಗಳು ನಂಬದಿದ್ದರೆ ಇಳಿದು ಹೋಗುವ ಮನೆಯಾದರೂ ಯಾವುದು? ಎಲ್ಲಿಯೋ ಒಂದು ಹುಚ್ಚು ಆಸೆಯೂ ಇತ್ತು. ಮೂಸಬ್ಬ ತಪ್ಪಿರಬಹುದು, ಕಲ್ಲು ತಾಳಿಕೊಳ್ಳಬಹುದು.

“ಹಿಡೀರಿ ಆಚಾರ್ರೇ,” ಎಂದು ಆಕೆ ಮುಷ್ಟಿ ಬಿಚ್ಚಿದಳು.

ಗುರುವಪ್ಪ ಗೂಡಿನ ಹಲ್ಲುಗಳನ್ನು ಸಡಿಲಿಸಿ ಕಲ್ಲನ್ನು ಬಿಡಿಸಿಕೊಂಡ. ಚಿಮಟದಲ್ಲಿ ಹಿಡಿದು ದೀಪದ ಉರಿಯನ್ನು ಕೊಳವೆಯಿಂದ ಅದರ ಮೇಲಕ್ಕೆ ಊದಿದ. ಕಲ್ಲು ಒಂದು ಗಳಿಗೆ ಮೊದಲಿನಂತೆಯೇ ಇತ್ತು. ಮತ್ತೆ, ಒಣಗಿದ ಕಡ್ಡಿ ಮುರಿದಷ್ಟೇ ಸಣ್ಣ ಸದ್ದಾಯಿತು. ಗೆರೆಯ ಉದ್ದಕ್ಕೂ ಎರಡಾಗಿ ಸೀಳಿ, ಒಂದು ಹೋಳು ಚಿಮಟದಲ್ಲಿ ಉಳಿದು, ಇನ್ನೊಂದು ಜಗಲಿಯ ನೆಲಕ್ಕೆ ಹಾರಿತು.

ಯಾರೂ ಕೂಗಾಡಲಿಲ್ಲ. ಆಂಬ್ರೋಸರು ಪಾಪ ಎಂದರು. ಯಾರನ್ನು ಕುರಿತು ಎಂದು ತಿಳಿಯಲಿಲ್ಲ. ಸೆರಾಫಿನಾಬಾಯಿ ಉಂಗುರದ ಚಿನ್ನವನ್ನು ಒಳಗಿಟ್ಟು, ಹೋಳುಗಳನ್ನು ಗುಡಿಸಿ ಅಂಗಳಕ್ಕೆ ಹಾಕಲು ಕೆಲಸದವಳಿಗೆ ಹೇಳಿದಳು. ಮಟಿಲ್ಡಾ ಬಗ್ಗಿ ಹೆಕ್ಕಲಿಲ್ಲ. ಹೆಕ್ಕಿದ್ದರೆ ಅದಕ್ಕೂ ಒಂದು ಕತೆ ಹುಟ್ಟುತ್ತಿತ್ತು.

ಮದುವೆ ನಿಲ್ಲಲಿಲ್ಲ. ಇಗರ್ಜಿಯಲ್ಲಿ ಪ್ರಕಟಣೆ ಓದಿಯಾಗಿತ್ತು. ಈಗ ಹಿಂದೆ ಸರಿದರೆ ಲಸ್ರಾದೊ ಹೆಸರಿಗೆ ಕಡಿಮೆ. ತಾಯಿ ಮಾಡಿದ್ದಕ್ಕೆ ಮಗಳು ಏನು ಮಾಡುತ್ತಾಳೆ, ಪಾಪದ ಹುಡುಗಿ, ನಾವು ಕೈಬಿಡುವುದಿಲ್ಲ ಎಂದು ಸೆರಾಫಿನಾಬಾಯಿ ಮನೆಮನೆಗೆ ಹೇಳಿ ಬಂದಳು. ಯಾವ ಮಾತು ಮಗಳ ಕಿವಿಗೆ ಬೀಳಬಾರದೆಂದು ಮಟಿಲ್ಡಾ ಪಚ್ಚೆಯನ್ನು ಕೊಟ್ಟಿದ್ದಳೋ, ಅದೇ ಮಾತು ಗ್ಲ್ಯಾಡಿಸಳಿಗೆ ಮದುವೆಗೆ ಮೊದಲೇ ಉಡುಗೊರೆಯಾಗಿ ಬಂತು. ರೋಸಿನ ದಿನ ಮಟಿಲ್ಡಾ ತನ್ನದೇ ಮನೆಯ ಅಡುಗೆಕೋಣೆಯಲ್ಲಿ ತೆಂಗಿನಕಾಯಿ ತುರಿದಳು. ಹೊರಗೆ ಹಾಡು ಕೇಳುತ್ತಿತ್ತು. ಹಾಲು ಸಾಕು ಎಂದು ಯಾರೋ ಬಂದು ಹೇಳಿದ ಮೇಲೂ ತುರಿಯುತ್ತಲೇ ಇದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಗುರುವಪ್ಪ ಆಚಾರಿ ಆಕೆಯ ಬಾಗಿಲಿಗೆ ಬಂದ. ಹೊಲಿಯಲು ಬಟ್ಟೆ ತಂದಿರಬೇಕೆಂದು ಆಕೆ ಎದ್ದಳು. ಅವನು ಹೊಸ್ತಿಲಾಚೆಯೇ ನಿಂತು, ಅವತ್ತಿನ ಕಲ್ಲಿನ ವಿಷಯ ಎತ್ತಿದ.

“ಗಾಜಾಗಿದ್ರೆ ಆ ಉರಿಗೆ ಅಂಚು ಕರಗಿ ಉರುಟಾಗ್ಬೇಕಿತ್ತು ಬಾಯಮ್ಮ. ಇದರ ಅಂಚು ಕತ್ತಿಯ ಹಾಗೆ ಇತ್ತು. ಗಾಜಲ್ಲ ಅದು.”

“ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಅವತ್ತೇ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

ಆಚಾರಿ ಅಂಗಳದ ಕಡೆ ನೋಡಿದ. “ನಿಜ ಅಂತ ಹೇಳಿದ್ರೆ, ನಿಜವಾದ ಪಚ್ಚೆಯನ್ನು ಕುದಿಸಿ ಒಡೆದವ ನಾನು ಅಂತ ಆಗ್ತದಲ್ಲ. ಮತ್ತೆ ನನ್ನ ಕೈಗೆ ಯಾರು ಚಿನ್ನ ಕೊಡ್ತಾರೆ?”

“ನನ್ನ ಮಗಳಿಗೆ ಒಂದು ಮಾತು ಹೇಳಿ. ಊರಿಗೆ ಬೇಡ. ಅವಳಿಗೆ ಒಬ್ಬಳಿಗೆ.”

ಹೇಳುವ ಎಂದು ಒಪ್ಪಿಕೊಂಡು ಅವನು ಹೋದ. ಹೇಳಲಿಲ್ಲ. ತನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಅವನಿಗೆ ಮಟಿಲ್ಡಾಬಾಯಿಯ ಹೊಸ್ತಿಲು ಸಾಕಾಗಿತ್ತು.

ಕಾದು ಸೋತು, ಎರಡನೆಯ ವರ್ಷದ ಕ್ರಿಸ್ಮಸಿಗೆ ಗ್ಲ್ಯಾಡಿಸ್ ಮುಂಬಯಿಯಿಂದ ಬಂದಾಗ ಮಟಿಲ್ಡಾ ತಾನೇ ಹೇಳಿದಳು. ಆಚಾರಿ ಆಡಿದ್ದನ್ನು, ಕತ್ತಿಯಂಥ ಅಂಚನ್ನು, ಮೂಸಬ್ಬ ತೋರಿಸಿದ ಹುಲ್ಲನ್ನು, ಒಂದನ್ನೂ ಬಿಡದೆ. ಗ್ಲ್ಯಾಡಿಸ್ ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ತಾಯಿಯ ಕೈಮೇಲೆ ಕೈ ಇಟ್ಟಳು.

“ಆಯ್ತು ಮಾಂಯ್. ಅದನ್ನು ಬಿಡುವ. ನನಗೋಸ್ಕರ ಅಲ್ವಾ ನೀವು ಮಾಡಿದ್ದು. ನನ್ನ ಮನಸ್ಸಲ್ಲಿ ಎಂತದೂ ಇಲ್ಲ.”

ಬೈದಿದ್ದರೆ ಮಟಿಲ್ಡಾ ಎದುರು ಮಾತಾಡುತ್ತಿದ್ದಳು. ಕ್ಷಮೆಗೆ ಎದುರು ಮಾತಾಡುವುದು ಆಕೆಗೆ ಬರಲಿಲ್ಲ. ಮಾಡದ ತಪ್ಪನ್ನು ಅಷ್ಟು ಪ್ರೀತಿಯಿಂದ ಮನ್ನಿಸುತ್ತಿದ್ದ ಮಗಳ ಮುಂದೆ ಆಕೆ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಾಗದೆ ಕುಳಿತಳು. ಆಮೇಲೆ ಎದ್ದು, ಮೊಮ್ಮಗುವಿಗೆ ರಾಗಿಯ ಮಣ್ಣಿ ಕಾಯಿಸಿ ತಂದಳು.

ಈಗ ಸಾವಿರದ ಒಂಬೈನೂರ ನಲವತ್ತನಾಲ್ಕು. ಮಟಿಲ್ಡಾಬಾಯಿ ಕೊಡಿಯಾಲ್‌ಬೈಲಿನ ಮನೆ ಬಿಟ್ಟು ಪಡೀಲಿನಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಯುದ್ಧದಿಂದಾಗಿ ಬಟ್ಟೆ ಸಿಗುವುದು ಕಷ್ಟ, ಹೊಲಿಗೆ ಕಡಿಮೆ. ಹಳೆಯದನ್ನು ಹರಿದು ಹೊಸದು ಮಾಡುವ ಕೆಲಸವೇ ಹೆಚ್ಚು. ಗುರುವಪ್ಪ ಆಚಾರಿ ತೀರಿಕೊಂಡ. ಮೂಸಬ್ಬ ಅಂಗಡಿ ಮುಚ್ಚಿ ಊರು ಬಿಟ್ಟ. ಅವನು ಹೋದದ್ದನ್ನೂ ಜನ ಆ ಕಲ್ಲಿನ ಲೆಕ್ಕಕ್ಕೇ ಸೇರಿಸಿದರು. ಗ್ಲ್ಯಾಡಿಸ್ ಮುಂಬಯಿಯಲ್ಲಿ ಗಂಡ ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ. ತಿಂಗಳು ತಿಂಗಳು ತಪ್ಪದೆ ತಾಯಿಗೆ ಮನಿಯಾರ್ಡರ್ ಕಳುಹಿಸುತ್ತಾಳೆ. ಕಲ್ಲು ನಿಜವಾಗಿತ್ತು ಎಂದು ಬಲ್ಲವರಲ್ಲಿ ಊರಿನಲ್ಲಿ ಉಳಿದಿರುವವಳು ಮಟಿಲ್ಡಾಬಾಯಿ ಒಬ್ಬಳೇ. ಆಕೆ ಅದನ್ನು ಹೇಳುವುದನ್ನು ಬಿಟ್ಟಿದ್ದಾಳೆ.